ಸಂವಾದವೋ, ಸನ್ಮಾನ ಸಮಾರಂಭವೋ?

ಮಾನ್ಯರೇ,

ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ರಾಷ್ಟ್ರೀಯ ಭದ್ರತೆ ಹಾಗೂ ವಿದೇಶಾಂಗ ನೀತಿಯ ಸಾಧನೆ–ವೈಫಲ್ಯ ಕುರಿತು ಕಳೆದ ಭಾನುವಾರ ನಮ್ಮ ಬಡಾವಣೆಯಲ್ಲಿ ನಡೆದ ಸಂವಾದವನ್ನು ತಮ್ಮ ಪತ್ರಿಕೆ ‘ಅರ್ಥಪೂರ್ಣ’ ಎಂದು ಬಣ್ಣಿಸಿದೆ. ದೀಪ ಬೆಳಗಿದ ಫೋಟೊ ಸಿಕ್ಕ ಕೂಡಲೇ ಎದ್ದು ಹೋದ ತಮ್ಮ ವರದಿಗಾರರಿಗೆ ಆ ಅರ್ಥ ಎಲ್ಲಿ ದೊರೆಯಿತೋ ತಿಳಿಯದು.

ಹತ್ತೂವರೆಯ ಕಾರ್ಯಕ್ರಮಕ್ಕೆ ಮಂಡಿನೋವಿನ ನಾನು ಆಟೊಗೆ ದುಪ್ಪಟ್ಟು ಕೊಟ್ಟು ಹತ್ತಕ್ಕೇ ಹೋಗಿ ಕುಳಿತೆ. ಅಧ್ಯಕ್ಷತೆ ವಹಿಸಬೇಕಿದ್ದ ನಿವೃತ್ತ ಅಧಿಕಾರಿಗಳು ದಯಮಾಡಿಸಿದ್ದು ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ. ಬಳಿಕ ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಫಲತಾಂಬೂಲ. ಮೊದಲ ಭಾಷಣಕಾರರು 2020ರ ಫೆಬ್ರುವರಿ 24ರಂದು ಟ್ರಂಪ್ ಸ್ವಾಗತಕ್ಕೆ ಅಹಮದಾಬಾದಿನ ಮೊಟೇರಾ ಕ್ರೀಡಾಂಗಣದಲ್ಲಿ ಸೇರಿದ್ದ ಜನಸಾಗರವನ್ನು ಇಪ್ಪತ್ತು ನಿಮಿಷ ವರ್ಣಿಸಿದರು. ಅದಾದ ಐದೇ ದಿನಕ್ಕೆ ದೋಹಾದಲ್ಲಿ, ಅಂದಿನ ಆಫ್ಗನ್ ಸರ್ಕಾರವನ್ನು ಹೊರಗಿಟ್ಟು, ತಾಲಿಬಾನ್ ಜೊತೆ ಇದೇ ಟ್ರಂಪ್ ಆಡಳಿತ ಸೇನೆ ಹಿಂತೆಗೆತದ ಒಪ್ಪಂದ ಮಾಡಿಕೊಂಡದ್ದನ್ನು ಮಾತ್ರ ಎತ್ತಲಿಲ್ಲ. ಎರಡನೆಯವರಿಗೆ ಟ್ರಂಪ್ ಮಾಡಿದ್ದೆಲ್ಲವೂ ತಪ್ಪು. ಯುಎಇ, ಬಹರೇನ್‌ಗಳು ಇಸ್ರೇಲ್ ಜೊತೆ ಸಂಬಂಧ ಬೆಳೆಸಿದ 2020ರ ಅಬ್ರಹಾಂ ಒಪ್ಪಂದವನ್ನಾದರೂ ಜಮೆಗೆ ಹಾಕಬೇಡವೇ? 2018ರಲ್ಲಿ ಇರಾನ್ ಪರಮಾಣು ಒಪ್ಪಂದದಿಂದ ಹೊರಬಂದವರೇ 2025ರ ಜೂನ್‌ನಲ್ಲಿ ಆ ದೇಶದ ಫೋರ್ಡೊ, ನತಾಂಜ್, ಇಸ್ಫಹಾನ್ ಪರಮಾಣು ನೆಲೆಗಳ ಮೇಲೆ ಬಾಂಬು ಹಾಕಿಸಿದರು. ಈ ಎರಡಕ್ಕೂ ಇರುವ ನಂಟನ್ನು ಯಾರೊಬ್ಬರೂ ಕೆದಕಲಿಲ್ಲ. ಯೆಮನ್ ದಾಳಿಯ ವಿವರಗಳನ್ನು ಟ್ರಂಪ್ ಅವರ ರಕ್ಷಣಾ ಸಚಿವರು ಹಂಚಿಕೊಂಡ ‘ಸಿಗ್ನಲ್’ ಎಂಬ ಸಂದೇಶ ಆ್ಯಪ್‌ನ ಗುಂಪಿನಲ್ಲಿ ಪತ್ರಕರ್ತರೊಬ್ಬರೂ ಇದ್ದರೆಂಬ ಸಂಗತಿ, ಭದ್ರತೆಯ ಚರ್ಚೆಗೆ ಅಪ್ರಸ್ತುತವೆಂದು ಕಾಣಿಸಿತೋ ಏನೋ.

ನನಗಿದು ಬಾಯಿಚಪಲದ ವಿಷಯವಲ್ಲ. ಅಮೆರಿಕದಿಂದ ದಸರಾಕ್ಕೆಂದು ಬಂದಿದ್ದ ಮಗ 2025ರ ಸೆಪ್ಟೆಂಬರ್ 20ರ ಬೆಳಿಗ್ಗೆ ಕಂಪನಿಯ ಮೇಲ್ ನೋಡಿ ಬೆಚ್ಚಿದ. ಎಚ್-1ಬಿ ಉದ್ಯೋಗ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕವೆಂದು ಟ್ರಂಪ್ ಘೋಷಣೆ. ನಮ್ಮ ಕಾಲಮಾನದಂತೆ ಮರುದಿನ ಬೆಳಿಗ್ಗೆ ಒಂಬತ್ತೂವರೆಯೊಳಗೆ ಅಮೆರಿಕ ಸೇರಬೇಕು. ಎಚ್-1ಬಿ ದುರ್ಬಳಕೆ ರಾಷ್ಟ್ರೀಯ ಭದ್ರತೆಗೇ ಅಪಾಯವೆಂದು ಆ ಘೋಷಣೆಯಲ್ಲಿ ಬರೆದಿತ್ತಂತೆ! ಮರುದಿನ ಮಹಾಲಯ ಅಮಾವಾಸ್ಯೆ. ವಡೆಗೆ ನೆನೆಹಾಕಿದ್ದ ಉದ್ದು ಹಾಗೇ ಉಳಿಯಿತು. ಅಜ್ಜನಿಗೆ ತರ್ಪಣ ಬಿಡಬೇಕಾದವನು ಸಿಕ್ಕಿದ ಬೆಲೆಗೆ ಟಿಕೆಟ್ ಕೊಂಡು ಹೊರಟ. ದುಬೈನಲ್ಲಿ ವಿಮಾನ ಬದಲಿಸಲು ಕಾದಿದ್ದಾಗ, ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ ಎಂಬ ಶ್ವೇತಭವನದ ಸ್ಪಷ್ಟನೆ ಬಂತು. ಇದನ್ನೂ, ರಷ್ಯಾದ ತೈಲದ ನೆಪದಲ್ಲಿ ಅದೇ ವರ್ಷದ ಆಗಸ್ಟ್ 27ರಂದು ನಮ್ಮ ಸರಕಿನ ಮೇಲೆ ಶೇ 50ಕ್ಕೇರಿದ್ದ ಸುಂಕವನ್ನೂ ಕೇಳೋಣವೆಂದು ಚೀಟಿಯಲ್ಲಿ ಬರೆದೊಯ್ದಿದ್ದೆ. ಮೂರು ಬಾರಿ ಕೈ ಎತ್ತಿದೆ. ‘ಊಟಕ್ಕೆ ಹೊತ್ತಾಯಿತು, ಪ್ರಶ್ನೋತ್ತರ ಮುಂದಿನ ಸಲ’ ಎಂದು ಸಭೆಯ ಅಧ್ಯಕ್ಷರು ಮೈಕ್ ಆರಿಸಿದರು.

ಇದೇ ಮಹನೀಯರು ಸೇವೆಯಲ್ಲಿದ್ದಾಗ ಖಾತೆ ಬದಲಾವಣೆಯ ಒಂದು ಸಹಿಗೆ ನನ್ನನ್ನು ಹನ್ನೊಂದು ಬಾರಿ ಅಲೆಸಿ ‘ನಾಳೆ ಬನ್ನಿ’ ಎಂದವರು. ಮಗನ ಪಾಸ್‌ಪೋರ್ಟ್ ಪರಿಶೀಲನೆಗೆ ಬಂದ ಸಿಬ್ಬಂದಿ ‘ಕಾಫಿಗೆ’ ಕೇಳಿದ್ದೂ ಅದೇ ವರ್ಷ. ಕಚೇರಿಯಲ್ಲಿ ಉತ್ತರ ಕೊಡದೆ ನಿವೃತ್ತರಾದವರನ್ನು ಪರದೇಶದ ಅಧ್ಯಕ್ಷರ ಉತ್ತರದಾಯಿತ್ವ ಅಳೆಯಲು ಕೂರಿಸಿದ ಸಂಘಟಕರ ಬುದ್ಧಿವಂತಿಕೆಗೆ ಏನೆನ್ನಬೇಕು?

ಸಂಬಂಧಪಟ್ಟವರು ಮುಂದಿನ ಸಲವಾದರೂ ಓದಿಕೊಂಡವರನ್ನು ಕರೆಸಲಿ, ಇಲ್ಲವೇ ಸಂವಾದವೆಂಬ ಹೆಸರು ತೆಗೆದು ಸನ್ಮಾನವೆಂದೇ ಆಹ್ವಾನಪತ್ರಿಕೆ ಅಚ್ಚುಹಾಕಿಸಲಿ. ತಮ್ಮ ವರದಿಗಾರರೂ ಊಟದವರೆಗಾದರೂ ಕುಳಿತಿರಲಿ.

– ನಿವೃತ್ತ ಶಿಕ್ಷಕ, ಕುವೆಂಪುನಗರ, ಮೈಸೂರು