ಇಂಟರ್‌ವ್ಯೂಗೆ ಬರೆದುಕೊಟ್ಟ ಲೇಖನ ಯಾರದ್ದು?

ಪುಟ್ಟಿ,

ಫೋನಿನಲ್ಲಿ ಹೇಳಿದರೆ "ಆಯ್ತು ಅಪ್ಪ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಇದೆ, ಮೆಟ್ರೋದಲ್ಲಿ ಕೂತಾಗಲಾದರೂ ಪೂರ್ತಿ ಓದು.

ನೀನು ಕಳಿಸಿದ ಲಿಂಕ್ ನೋಡಿದೆ. ಕಂಟೆಂಟ್ ರೈಟರ್ ಕೆಲಸದ ಇಂಟರ್‌ವ್ಯೂಗೆ ಅಂತ ಆ ಕಂಪನಿಯವರು ಟೆಸ್ಟ್ ಕೊಟ್ಟಾಗ, ಬೇಸಿಗೆಯಲ್ಲಿ ಏನೇನು ಕುಡಿಯಬೇಕು ಅಂತ ಬರೆದುಕೊಟ್ಟಿದ್ದೆಯಲ್ಲ, ಅದನ್ನೇ ಅವರ ಸೈಟ್‌ನಲ್ಲಿ ಹಾಕಿಕೊಂಡಿದ್ದಾರೆ ಅಲ್ವಾ? ಹೆಡ್ಡಿಂಗ್ ಬದಲಾಯಿಸಿದ್ದಾರೆ, ಮೊದಲ ಪ್ಯಾರಾ ಬದಲಾಯಿಸಿದ್ದಾರೆ. ಆದರೆ ರಾಗಿ ಅಂಬಲಿ ಪೂರ್ತಿ ಆರಿದ ಮೇಲೇ ಮಜ್ಜಿಗೆ ಬೆರೆಸಬೇಕು, ಬಿಸಿಯಲ್ಲಿ ಹಾಕಿದರೆ ಒಡೆದುಹೋಗುತ್ತೆ ಅಂತ ಅಜ್ಜಿ ಹೇಳುವ ಮಾತು ಇದೆಯಲ್ಲ, ಅದು ಒಂದಕ್ಷರ ಆಚೀಚೆ ಆಗದೆ ಹಾಗೇ ಕೂತಿದೆ. ಬರೆದವರ ಹೆಸರಿನ ಜಾಗದಲ್ಲಿ 'ಅಡ್ಮಿನ್'. ಅಜ್ಜಿಗೆ ಓದಿ ಹೇಳಿದೆ. "ಯಾರೋ ಅದು ಅಡ್ಮಿನ್ನು, ನಮ್ಮ ಕಡೆಯವನಾ?" ಅಂದರು.

"ಟೆಸ್ಟ್ ಅಲ್ವಾ ಅಪ್ಪ, ಕೊಟ್ಟ ಮೇಲೆ ಅವರದ್ದೇ" ಅಂದೆಯಲ್ಲ ನೀನು, ಅದು ಹಾಗಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರಹಕ್ಕೆ ಮೊದಲ ಒಡೆಯರು ಬರೆದವರೇ. ಸಂಬಳಕ್ಕಿದ್ದು ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದು ಕಂಪನಿಗೆ ಸೇರುತ್ತದೆ. ನಿನಗೆ ಅವರು ಕೆಲಸವನ್ನೇ ಕೊಟ್ಟಿಲ್ಲವಲ್ಲ! ಹಕ್ಕನ್ನು ಬರೆದುಕೊಡುವುದಾದರೂ ಅದು ಲಿಖಿತವಾಗಿರಬೇಕು, ನಿನ್ನ ಸಹಿ ಇರಬೇಕು. ಟೆಸ್ಟ್ ಕಳಿಸುವಾಗ ಯಾವ ಫಾರ್ಮ್ ತುಂಬಿದೆ, ಯಾವುದಕ್ಕೆ ಟಿಕ್ ಹಾಕಿದೆ, ಅದನ್ನು ಮೊದಲು ತೆಗೆದು ನೋಡು. ಹಾಗೇನೂ ಇಲ್ಲ ಅಂದರೆ ಒಂದು ಮೇಲ್ ಬರಿ. ಕೋಪ ಬೇಡ, ಗೋಳೂ ಬೇಡ. ಇಂಥ ದಿನ ಕಳಿಸಿದ್ದೆ, ಇಲ್ಲಿ ಹಾಕಿದ್ದೀರಿ, ದುಡ್ಡು ಕೊಡಿ ಇಲ್ಲವೇ ತೆಗೆಯಿರಿ, ಅಷ್ಟೇ. ಸ್ಕ್ರೀನ್‌ಶಾಟ್ ಮಾತ್ರ ಮೊದಲೇ ತೆಗೆದಿಟ್ಟುಕೋ, ಯಾಕಂದರೆ ಮೇಲ್ ಮುಟ್ಟಿದ ಅರ್ಧ ಗಂಟೆಗೆ ಪೇಜೇ ಮಾಯವಾಗಿ "ಎಲ್ಲಿ ಮೇಡಂ, ನಾವು ಹಾಕೇ ಇಲ್ಲವಲ್ಲ" ಅನ್ನಬಹುದು.

ಟೆಸ್ಟೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪ್ರೆಸ್ಸಿಗೆ ಪ್ರೂಫ್ ನೋಡಲು ಸೇರುವಾಗ ನಮಗೂ ಒಂದು ಗ್ಯಾಲಿ, ಅಂದರೆ ಅಚ್ಚಿಗೆ ಮುಂಚೆ ತಿದ್ದಲು ತೆಗೆಯುವ ಕರಡು ಹಾಳೆ, ಕೊಟ್ಟು, ತಪ್ಪು ಹುಡುಕಿ ಅನ್ನುತ್ತಿದ್ದರು. ಆದರೆ ಅದು ಹಳೇ ಗ್ಯಾಲಿ, ಅಚ್ಚಾಗಿ ಅಂಗಡಿಗೂ ಹೋಗಿಬಿಟ್ಟಿದ್ದ ಪುಸ್ತಕದ್ದು. ನಾವು ತಪ್ಪು ಹಿಡಿದರೂ ಬಿಟ್ಟರೂ ಮಾಲೀಕರಿಗೆ ಮೂರು ಕಾಸಿನ ಲಾಭ ಇರಲಿಲ್ಲ. ಟೆಸ್ಟ್ ಅಂದರೆ ಅದು. ಮುನ್ನೂರು ಪದ ಬರಿ, ಇಲ್ಲವೇ ನಮ್ಮ ಹಳೇ ಲೇಖನವನ್ನೇ ತಿದ್ದಿಕೊಡು ಅಂದರೆ ಸಂತೋಷವಾಗಿ ಮಾಡು. ಸಾವಿರ ಸಾವಿರ ಪದದ ಮೂರು ಲೇಖನ, ಜೊತೆಗೆ ಕೀವರ್ಡ್ (ಜನ ಗೂಗಲ್‌ನಲ್ಲಿ ಹುಡುಕುವ ಪದಗಳ) ಪಟ್ಟಿ, ಮೆಟಾ ಡಿಸ್ಕ್ರಿಪ್ಷನ್ (ಹುಡುಕಿದಾಗ ಲಿಂಕ್ ಕೆಳಗೆ ಕಾಣುವ ಒಂದೆರಡು ಸಾಲು), ಫೋಟೋಗೆ ಕ್ಯಾಪ್ಷನ್, ಎಲ್ಲಾ ಸೋಮವಾರದೊಳಗೆ ಅಂದರೆ ಅದು ಟೆಸ್ಟ್ ಅಲ್ಲ, ಅವರ ಆ ವಾರದ ಕೆಲಸ. ಬರೆಯುವ ಮುಂಚೆಯೇ ಕೇಳಿಬಿಡು: ಇದನ್ನು ಬಳಸುತ್ತೀರಾ, ಬಳಸಿದರೆ ದುಡ್ಡೆಷ್ಟು? ಹೀಗೆ ಕೇಳಿದ್ದಕ್ಕೇ ಮುಖ ಸಿಂಡರಿಸಿದರೆ ಆ ಕಡೆ ಹೋಗಲೇಬೇಡ.

ಇನ್ನೊಂದು ಕಂಪನಿಯವರು, ನೀನು ಬರೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಎಐ ಬರೆದದ್ದು ಅಂತ ಯಾವುದೋ ಸಾಫ್ಟ್‌ವೇರ್ ತೋರಿಸಿ ವಾಪಸ್ ಕಳಿಸಿದರು ಅಂದೆ. ನನಗೆ ನಗು ಬಂತು, ನಿನಗೆ ಅಳು ಬಂದಿತ್ತು ಅಂತ ನಿಮ್ಮಮ್ಮ ಆಮೇಲೆ ಹೇಳಿದಳು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಪತ್ತೆ ಯಂತ್ರ ಬಿಟ್ಟು, ಅದರ ಲೆಕ್ಕ ಸರಿಯಾಗಿ ಬರುತ್ತಿಲ್ಲ ಅಂತ ಅದೇ ಜುಲೈನಲ್ಲಿ ತೆಗೆದುಹಾಕಿತು. ಮಾಡಿದವರ ಕೈಲೇ ಆಗದ್ದು ಬೇರೆಯವರದ್ದರಲ್ಲಿ ಪಕ್ಕಾ ಬರುತ್ತೆ ಅಂತ ನಾನಂತೂ ನಂಬಲ್ಲ. ಗೂಗಲ್ ಡಾಕ್ಸ್‌ನಲ್ಲೇ ಬರಿ. ಯಾವಾಗ ಏನು ಬರೆದೆ, ಏನು ಅಳಿಸಿದೆ ಅನ್ನುವುದೆಲ್ಲ ವರ್ಷನ್ ಹಿಸ್ಟರಿಯಲ್ಲಿ ಇರುತ್ತೆ. ಯಾರಾದರೂ ಹಾಗೆ ಅಂದರೆ ಅದನ್ನು ತೆಗೆದು ತೋರಿಸು, ಮಾತಾಡಲೂ ಬೇಡ.

ಇನ್ನು ಆ "ಬೆಂಗಳೂರಿನ ಅತ್ಯುತ್ತಮ ಪ್ಯಾಕರ್ಸ್ ಅಂಡ್ ಮೂವರ್ಸ್" ಅನ್ನುವುದನ್ನು, ಗೂಗಲ್‌ನಲ್ಲಿ ಮೇಲೆ ಬರಲಿ ಅಂತ, ಸಾಲಿಗೊಂದು ಸಲ ತುರುಕಿ ಅಂದರಂತಲ್ಲ! ಹೀಗೆ ತುರುಕುವುದನ್ನು ಗೂಗಲ್ ತನ್ನ ನಿಯಮದಲ್ಲೇ ಸ್ಪ್ಯಾಮ್ ಅಂತ ಬರೆದುಕೊಂಡಿದೆ. ಇಂಟರ್‌ವ್ಯೂನಲ್ಲಿ ನೀನು ಅದನ್ನು ಹೇಳಿದ್ದು ಸರಿಯಾಗಿಯೇ ಇದೆ. ಹೋದರೆ ಹೋಗಲಿ ಆ ಕೆಲಸ.

ಸಂಬಳದ ಮಾತಿಗೆ ಬಂದಾಗ ಸಿಟಿಸಿ, ಅಂದರೆ ಕಂಪನಿ ನಿನಗಾಗಿ ಮಾಡುವ ಒಟ್ಟು ಖರ್ಚಿನ ಲೆಕ್ಕ, ಕೇಳಿ ತಲೆಯಾಡಿಸಬೇಡ. ಪಿಎಫ್‌ಗೆ ಬೇಸಿಕ್‌ನ 12 ಪರ್ಸೆಂಟ್ ನಿನ್ನದು ಹಿಡಿಯುತ್ತಾರೆ, ಅವರ ಪಾಲನ್ನೂ ಸಿಟಿಸಿ ಒಳಗೇ ಸೇರಿಸಿ ಹೇಳುವುದು ಮಾಮೂಲು, ಗ್ರ್ಯಾಚುಟಿಯನ್ನೂ ಸೇರಿಸುತ್ತಾರೆ. ಕೈಗೆ ಎಷ್ಟು ಬರುತ್ತೆ ಅಂತ ನೇರವಾಗಿ ಕೇಳು. ಪದಕ್ಕಿಷ್ಟು ಅನ್ನುವವರ ಹತ್ತಿರ ತಿದ್ದುಪಡಿ ಎಷ್ಟು ಸಲ ಅಂತ ಮೊದಲೇ ಬರೆಸಿಕೋ. ಪದಕ್ಕೆ ಐವತ್ತು ಪೈಸೆ ಅಂದರೆ ಸಾವಿರ ಪದಕ್ಕೆ ಐನೂರು ರೂಪಾಯಿ. ಅದನ್ನೇ ನಾಲ್ಕು ಸಲ ತಿದ್ದಿಸಿದರೆ ಪಿಜಿಯ ಊಟಕ್ಕೂ ಗಿಟ್ಟಲ್ಲ. ಕೆಲಸ ಕೊಡಲು ರಿಜಿಸ್ಟ್ರೇಷನ್ ಫೀಸ್, ಡೆಪಾಸಿಟ್ ಅಂತ ನಿನ್ನಿಂದಲೇ ದುಡ್ಡು ಕೇಳಿದರೆ ಮಾತೇ ಬೆಳೆಸಬೇಡ. ನಿನ್ನ ರೂಮಿನ ಹುಡುಗಿ ಕಟ್ಟಿಬಿಟ್ಟಿದ್ದಾಳೆ ಅಂದೆಯಲ್ಲ, ಅವಳಿಗೆ ಇವತ್ತೇ 1930ಕ್ಕೆ ಫೋನ್ ಮಾಡಲು ಹೇಳು. ಸೈಬರ್ ವಂಚನೆಗೆ ಇರುವ ನಂಬರ್ ಅದು. ತಡ ಮಾಡಿದಷ್ಟೂ ದುಡ್ಡು ಕೈ ಬಿಟ್ಟು ಹೋಗುತ್ತೆ.

ಗುರುವಾರ ಕೋರಮಂಗಲದಲ್ಲಿ ಇನ್ನೊಂದು ಇದೆ ಅಂದೆ. ಒಂದು ಗಂಟೆ ಅಲ್ಲೇ ಕೂರಿಸಿ ಬರೆಸುತ್ತಾರಂತಲ್ಲ, ನನಗೆ ಅದು ಹಿಡಿಸಿತು. ಹೋಗಿ ಬಾ. ಆದರೆ ಅದಕ್ಕೂ ಮುಂಚೆ ಆ ಅಡ್ಮಿನ್‌ಗೆ ಮೇಲ್ ಬರೆದು ಮುಗಿಸು. ಕಳಿಸುವ ಮುಂಚೆ ನನಗೊಂದು ಸಲ ಹಾಕು, ಪ್ರೂಫ್ ನೋಡಿ ಕೊಡುತ್ತೇನೆ.

ಇಂತಿ,
ಅಪ್ಪ