ಹಡಗು ನೋಡಲು ಆಳಕ್ಕೇ ಹೋಗಬೇಕಿಲ್ಲ ಮಾರಾಯ

ಗೆಳೆಯಾ,

ಬಾಲಿಗೆ ಹೊರಟಿದ್ದೀಯ, ಖುಷಿ ಆಯಿತು. ಆದರೆ "ಮುಳುಗಿದ ಹಡಗೆಲ್ಲ ಪಳಗಿದವರಿಗೆ, ನಂಗೆ ಬೀಚೇ ಸಾಕು" ಅಂದೆಯಲ್ಲ, ಅದನ್ನು ಒಪ್ಪಲಾರೆ. ಒಂದು ದಿನ ತುಲಾಂಬೆನ್‌ಗೆ ಹೋಗು. ಅಲ್ಲಿ ಹಡಗು ದಡದಿಂದ ಸುಮಾರು 30 ಮೀಟರ್ ದೂರದಲ್ಲೇ ಇದೆ. ದೋಣಿ ಬೇಡ, ನಡೆದೇ ನೀರಿಗಿಳಿಯಬಹುದು.

ಅದು ಲಿಬರ್ಟಿ ಅನ್ನುವ ಅಮೆರಿಕ ಸೇನೆಯ ಸರಕು ಹಡಗು. 1942ರ ಜನವರಿಯಲ್ಲಿ ಪಕ್ಕದ ಲೊಂಬೋಕ್ ದ್ವೀಪದ ಹತ್ತಿರ ಜಪಾನಿನ ಸಬ್‌ಮರೀನ್ ಅದಕ್ಕೆ ಟಾರ್ಪಿಡೊ ಹೊಡೆಯಿತು. ಬಾಲಿಯ ಸಿಂಗರಾಜ ಬಂದರಿಗೆ ಎಳೆದೊಯ್ಯಲು ನೋಡಿದರು. ನೀರು ತುಂಬುತ್ತಿತ್ತು, ಅಷ್ಟು ದೂರ ಆಗಲಿಲ್ಲ. ತುಲಾಂಬೆನ್ ದಡಕ್ಕೇ ಹತ್ತಿಸಿಬಿಟ್ಟರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ದಡದಿಂದ ಜಾರಿ ಕಡಲಿಗೆ ಬಿತ್ತು. ಈಗ ಇಳಿಜಾರಿನಲ್ಲಿ ಮಲಗಿದೆ. ಮೇಲಿನ ಭಾಗ ಐದಾರು ಮೀಟರ್‌ನಲ್ಲೇ ಸಿಗುತ್ತದೆ, ತಳ 30 ಮೀಟರ್ ಹತ್ತಿರ. ನಿನ್ನಂಥವನಿಗೆ ಅನುಕೂಲವಾಗಿರುವುದು ಇದೇ.

ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಡೈವ್ ಮಾಡುವ ಮೊದಲ ಸಲದವರನ್ನು ಗೈಡ್ 12 ಮೀಟರ್ ದಾಟಿಸುವುದಿಲ್ಲ, ಹಡಗಿನ ಒಳಕ್ಕೂ ಬಿಡುವುದಿಲ್ಲ. ಅದಕ್ಕೆ ಬೇಜಾರು ಮಾಡ್ಕೋಬೇಡ. ಬೆಳಕು, ಬಣ್ಣ ಎಲ್ಲ ಮೇಲೇ ಜಾಸ್ತಿ. ಕೆಳಗೆ ಹೋದಂತೆ ಮೊದಲು ಕೆಂಪು ಮಾಯ, ಆಮೇಲೆ ಎಲ್ಲ ನೀಲಿ ನೀಲಿ. ಕಬ್ಬಿಣಕ್ಕೆ ಹತ್ತಿದ ಹವಳ, ಕಪ್ಪು ಮರಳಿನಿಂದ ತಲೆ ಎತ್ತಿ ನಿಂತು, ನೀನು ಹತ್ತಿರ ಬಂದರೆ ಬಿಲ ಸೇರುವ ಹಾವಿನಂಥ ಮೀನುಗಳು, ಇವನ್ನು ನೋಡಲು ಡೈವಿಂಗ್ ಸರ್ಟಿಫಿಕೇಟ್ ಬೇಡ. ಬೆಳಗಿನ ಜಾವವೇ ಇಳಿ. ದಕ್ಷಿಣ ಬಾಲಿಯಿಂದ ವ್ಯಾನುಗಳು ಬಂದ ಮೇಲೆ ನೀರೊಳಗೂ ಜಾತ್ರೆ!

ನಿಜವಾಗಿ ಕಷ್ಟ ಇರುವುದು ದಡದಲ್ಲಿ. ಮರಳಲ್ಲ, ದುಂಡಗಿನ ಕರಿಗಲ್ಲು. ಬೆನ್ನಿಗೆ ಸಿಲಿಂಡರ್, ಎದುರಿಗೆ ಅಲೆ. ಅಲ್ಲಿನ ಹೆಂಗಸರು ಅದೇ ಸಿಲಿಂಡರ್ ತಲೆ ಮೇಲಿಟ್ಟುಕೊಂಡು ಚಪ್ಪಲಿಯಲ್ಲೇ ಸರಸರ ನಡೆಯುತ್ತಾರೆ. ನೀನು ರಬ್ಬರ್ ಬೂಟು ಹಾಕಿಕೊ, ಗೈಡ್ ಕೈ ಹಿಡಿ, ನಾಚಿಕೆ ಬೇಡ.

ನೀರೊಳಗೆ ನಿನ್ನನ್ನು ಕಾಡುವುದು ಕಿವಿ. ಬರೀ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ಮೂಗು ಹಿಡಿದು, ಮೂಗಿನಿಂದಲೇ ಮೆಲ್ಲಗೆ ಊದು. ನೋವು ಶುರುವಾಗುವ ಮುಂಚೆಯೇ ಊದು, ಇಳಿಯುತ್ತಾ ಇರುವಷ್ಟು ಹೊತ್ತೂ ಊದುತ್ತಿರು. ನೋವಾದರೆ ಜೋರು ಮಾಡಬೇಡ. ಗೈಡ್‌ಗೆ ಕಿವಿ ತೋರಿಸಿ ಒಂಚೂರು ಮೇಲೆ ಬಾ. ನೆಗಡಿ ಇದ್ದರೆ ಅವತ್ತು ಡೈವ್ ಬಿಟ್ಟುಬಿಡು, ದುಡ್ಡಿನ ಮುಖ ನೋಡಬೇಡ. ಇನ್ನೊಂದು, ಯಾವತ್ತೂ ಉಸಿರು ಕಟ್ಟಬೇಡ. ಮೇಲೆ ಬರುವಾಗ ಎದೆಯೊಳಗಿನ ಗಾಳಿ ಹಿಗ್ಗುತ್ತದೆ, ಉಸಿರು ಕಟ್ಟಿದ್ದರೆ ಶ್ವಾಸಕೋಶಕ್ಕೇ ಪೆಟ್ಟು. ಖುಷಿಗೆ ಹೆಬ್ಬೆರಳು ಎತ್ತುವ ಅಭ್ಯಾಸ ನಿಂದು, ಅಲ್ವಾ? ಅಲ್ಲಿ ಅದಕ್ಕೆ "ಮೇಲೆ ಹೋಗೋಣ" ಅಂತ ಅರ್ಥ. ಗೈಡ್ ಪಾಪ ನಿನ್ನನ್ನು ಮೇಲಕ್ಕೆ ಕರೆತಂದುಬಿಡುತ್ತಾನೆ!

ಡೈವ್‌ಗೆ ಮುಂಚೆ ತುಂಬಿಸುವ ಫಾರ್ಮ್‌ನಲ್ಲಿ ಆಸ್ತಮಾ ಬಗ್ಗೆ ಕೇಳುತ್ತಾರೆ. ಸುಮ್ನೆ "ಇಲ್ಲ" ಅಂತ ಗೀಚಬೇಡ. ಚಿಕ್ಕಂದಿನಲ್ಲಿ ನಿನಗಿತ್ತಲ್ಲ, ಬೆಂಗಳೂರಲ್ಲೇ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊ.

ವಾಪಸ್ ಫ್ಲೈಟ್‌ಗೂ ಡೈವ್‌ಗೂ ನಡುವೆ 18 ಗಂಟೆಯಾದರೂ ಇರಲಿ, ಹಾಗಾಗಿ ತುಲಾಂಬೆನ್ ಕೊನೇ ದಿನಕ್ಕೆ ಬೇಡ. ಬಾಟೂರ್ ಬೆಟ್ಟ ಹತ್ತುವ ಆಸೆ ಇದ್ದರೆ ಅದನ್ನು ಮೊದಲೇ ಮುಗಿಸಿಕೊ. ಡೈವ್ ಆದ ಕೂಡಲೇ ಎತ್ತರಕ್ಕೆ ಹೋಗುವುದೂ ವಿಮಾನ ಹತ್ತಿದ ಹಾಗೇ ಅಪಾಯ. ದಿನಗಳನ್ನು ಹೇಗೆ ಹೊಂದಿಸಿದೆ ಅಂತ ಬರಿ.

ನಿನ್ನ ಗೆಳೆಯ