ಮೊದಲ ಮಳೆಗೆ ಮುನ್ನ: ಕೆರೆ ನೋಡುವವರಿಗೆ

ಬೇಸಿಗೆಯ ಮೊದಲ ಜೋರು ಮಳೆ ಬಿದ್ದ ಮರುದಿನವೇ ಮೀನು ಸಾಯುವ ಅಪಾಯ ಹೆಚ್ಚು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸತ್ತ ಮೀನುಗಳು ರಾಶಿ ರಾಶಿಯಾಗಿ ತೇಲಿದ್ದವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಅದರ ಮೇಲೆ ರಾಜಕಾಲುವೆಯ ಕೊಳಚೆ ಒಮ್ಮೆಲೇ ನುಗ್ಗಿ, ತಳದ ಹೂಳೂ ಕದಡಿದರೆ, ಉಳಿದದ್ದನ್ನು ಬ್ಯಾಕ್ಟೀರಿಯಾಗಳು ಗಂಟೆಗಳಲ್ಲಿ ಮುಗಿಸುತ್ತವೆ.

ದಯವಿಟ್ಟು ನೀರಿನ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮೊದಲೇ ಅಳೆಯಿರಿ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುವುದರಿಂದ ಮಧ್ಯಾಹ್ನದ ಅಂಕಿ ನಂಬುವಂಥದ್ದಲ್ಲ. ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ ಖಾಲಿ ಮಾಡಿರುತ್ತದೆ. ಬಾಟಲಿಯನ್ನು ನೀರಿನೊಳಗೇ ತುಂಬಿಸಿ ಮುಚ್ಚಿ, ಒಂದು ಗುಳ್ಳೆಯೂ ಉಳಿಯಬಾರದು. 300 ಮಿ.ಲೀ. ಬಾಟಲಿಗೆ ಆಮ್ಲಜನಕ ಪರೀಕ್ಷೆಯ ದ್ರಾವಣಗಳಾದ ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್ ತಲಾ 2 ಮಿ.ಲೀ., ಕೈಗವಸು ಕಡ್ಡಾಯ. ಗಸಿ ಕಂದು ಬಣ್ಣಕ್ಕೆ ತಿರುಗಿದರೆ ಆಮ್ಲಜನಕ ಇದೆ, ಬೆಳ್ಳಗೇ ಉಳಿದರೆ ಇಲ್ಲವೇ ಇಲ್ಲ. ಪರೀಕ್ಷೆ ಪೂರ್ತಿ ಮುಗಿಸಿದಾಗ ಆಮ್ಲಜನಕ ಲೀಟರಿಗೆ 4 ಮಿ.ಗ್ರಾಂ.ಗಿಂತ ಕಡಿಮೆ ಬಂದರೆ ತಕ್ಷಣ ಈ ಗುಂಪಿನಲ್ಲಿ ಹಾಕಿ, ಸಮಯ ಮತ್ತು ನೀರಿನ ಉಷ್ಣಾಂಶದ ಸಮೇತ.

ಕ್ಯಾಟ್‌ಫಿಶ್ ಓಡಾಡುತ್ತಿದೆ ಎಂದು ಸಮಾಧಾನ ಬೇಡ, ಅದರ ಕೆಲವು ಜಾತಿಗಳು ಗಾಳಿಯನ್ನೇ ನೇರ ಉಸಿರಾಡಬಲ್ಲವು. ಕಾಟ್ಲಾ, ರೋಹು ಮೇಲೆ ಬಂದು ಬಾಯಿ ತೆರೆಯುತ್ತಿವೆಯೇ ನೋಡಿ. ಸತ್ತವನ್ನು ಅಂದೇ ತೆಗೆಸಬೇಕು, ಕೊಳೆತರೆ ಮತ್ತಷ್ಟು ಆಮ್ಲಜನಕ ಹೋಗುತ್ತದೆ. ಅವನ್ನು ಯಾರೂ ತಿನ್ನಲು ಒಯ್ಯದಂತೆ ನೋಡಿಕೊಳ್ಳಿ.